ಸಿಮೆಂಟು ಮನೆಗೆ ಬೂದು ಬಣ್ಣ

ದೀಪಾವಳಿ ಕಳೆದು ಎರಡು ವಾರವಾಗಿತ್ತು. ನಾವುಂದದ ನಮ್ಮ ಮನೆಯ ಮುಂಗೋಡೆಯ ಮೇಲೆ ಮೇಸ್ತ್ರಿ ಎರಡಡಿ ಉದ್ದಗಲದ ಒಂದು ಚೌಕಕ್ಕೆ ಬೂದು ಬಣ್ಣ ಹೊಡೆದು, ಬ್ರಶ್ಶು ಕೊಡವಿ, ಬೀಡಿ ಹಚ್ಚಿಕೊಂಡು ಅಂಗಳದ ತುದಿಯಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ನಾನು. ಇಬ್ಬರೂ ಗೋಡೆ ನೋಡುತ್ತಿದ್ದೆವು. ಬಾವಿಕಟ್ಟೆಯಿಂದ ಕೊಡಪಾನ ಹೊತ್ತು ಬಂದ ಅಮ್ಮ ಒಂದು ಕ್ಷಣ ನಿಂತರು.

"ಎಂತದಾ ಇದು? ಹನ್ನೊಂದ್ ವರ್ಷ ಬೂದಿ ಬಣ್ಣದ್ ಮನಿಯಲ್ಲೇ ಸಂಸಾರ ಮಾಡಿ ಆಯ್ತ್. ಈಗ ದುಡ್ಡ್ ಕೊಟ್ಟ್ ಅದನ್ನೇ ಹೊಡ್ಸೂದಾ?"

ಉತ್ತರಕ್ಕೆ ಕಾಯದೆ ಒಳಗೆ ಹೋದರು. ನಾನು ನಕ್ಕೆ. ಮೇಸ್ತ್ರಿಯೂ ನಕ್ಕರು. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದ ಸಮಸ್ಯೆ ಬೇರೆಯೇ. ಅಂಗಡಿಯ ಕಾರ್ಡಿನಲ್ಲಿ ಅಚ್ಚ ಬೂದಾಗಿದ್ದ ಬಣ್ಣ ನಮ್ಮ ಗೋಡೆಗೆ ಬರುವಷ್ಟರಲ್ಲಿ ನೇರಳೆ ಹಣ್ಣು ತಿಂದ ನಾಲಗೆಯ ಹಾಗಾಗಿತ್ತು.

"ಇದ್ ಬೂದಿ ಬಣ್ಣ ಅಲ್ಲ ಮಾರಾಯ್ರೆ. ನೀಲಿ ಜಾಸ್ತಿ ಆದ್ ಪಂಚಿ ಹಾಂಗ್ ಇತ್ತ್," ಅಂದರು ಮೇಸ್ತ್ರಿ.

ಬೂದು ಬಣ್ಣವೇ ಯಾಕೆ ಎಂದು ಕೇಳಿದರೆ ನನ್ನ ಬಳಿ ಆಗ ಎರಡು ಉತ್ತರಗಳಿದ್ದವು. ಒಂದು, ಹೆದ್ದಾರಿ. ಚತುಷ್ಪಥವಾದ ಮೇಲೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಇಕ್ಕೆಲದಲ್ಲಿ ಎದ್ದ ಹೊಸ ಮನೆಗಳಲ್ಲಿ ಸುಮಾರು ಮನೆಗಳಿಗೆ ಬೂದು, ಕಿಟಕಿಯ ಸುತ್ತ ಬಿಳಿ ಪಟ್ಟಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ತ್ರಾಸಿ ದಾಟುವಾಗ, ಒಂದು ಬದಿ ಸಮುದ್ರ ಇನ್ನೊಂದು ಬದಿ ಸೌಪರ್ಣಿಕಾ ಇರುವ ಆ ಮರವಂತೆಯ ದಾರಿಯಲ್ಲಿ, ನೀರು ಆಕಾಶ ಎಲ್ಲ ಒಂದೇ ಬೂದಿಯಾಗಿರುತ್ತದಲ್ಲ, ನಮ್ಮ ಮನೆಯೂ ಹಾಗೆ ಇರಬೇಕು ಅನ್ನಿಸಿತ್ತು. ಎರಡನೆಯದು ಲೆಕ್ಕಾಚಾರ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ಇದು. ಬಿಳಿ ಗೋಡೆಯೂ ಹಳದಿ ಗೋಡೆಯೂ ಎರಡು ಮಳೆಗಾಲದಲ್ಲಿ ಕಪ್ಪು ಕಣ್ಣೀರಿಳಿಸುತ್ತವೆ. ಬೂದಿಯಾದರೆ ಕಲೆ ಕಾಣುವುದಿಲ್ಲ ಎಂದು ಲೆಕ್ಕ.

ಮೊದಲ ತಪ್ಪು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 2005ರಲ್ಲಿ ಅಕ್ಕನ ಮದುವೆಗೆಂದು ಹೊಡೆಸಿದ, 2014ರಲ್ಲಿ ಮತ್ತೊಮ್ಮೆ ಅದೇ ಡಬ್ಬಿಯ ಸಂಖ್ಯೆ ಹುಡುಕಿ ಹೊಡೆಸಿದ ತಿಳಿ ಹಳದಿ ಗೋಡೆಯದು. ಬೂದಿಯ ಚೌಕವನ್ನು ಆ ಹಳದಿಯ ನಡುವೆಯೇ ಹೊಡೆಸಿದ್ದೆ. ಹಳದಿಯ ಮಗ್ಗುಲಲ್ಲಿ ಕೂತ ಬೂದು, ಹಳದಿಯ ಎದುರಾಳಿಯಾದ ನೀಲಿ-ನೇರಳೆಯ ಕಡೆಗೆ ವಾಲಿದಂತೆ ಕಾಣುತ್ತದೆ. ಇದು ಬಣ್ಣದ ದೋಷವಲ್ಲ, ಕಣ್ಣಿನ ಸ್ವಭಾವ. ಪ್ಯಾರಿಸ್ಸಿನ ಗೊಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಎಂಬ ದೂರು ಬಂದಿತ್ತು. ನೂಲನ್ನು ಪರೀಕ್ಷಿಸಿದರೆ ಅದರಲ್ಲೇನೂ ಐಬಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣದಿಂದಾಗಿ ಅದು ಹಾಗೆ ಕಾಣುತ್ತಿತ್ತು. ಈ ಬಗ್ಗೆ ಅವನು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ನಮ್ಮ ಮೇಸ್ತ್ರಿಗೆ ಪುಸ್ತಕ ಬೇಕಾಗಲಿಲ್ಲ. "ಸುತ್ತ ಬಿಳಿ ಪ್ರೈಮರ್ ಹೊಡೆದು ಮತ್ತೆ ಕಾಂಬ," ಅಂದರು.

ಪ್ರೈಮರ್ ಒಣಗಿದ ಮೇಲೆ ಮತ್ತೆ ಹೊಡೆದೆವು. ನೇರಳೆ ಹೋಯಿತು. ನೀಲಿ ಹೋಗಲಿಲ್ಲ.

ಬಣ್ಣದೊಳಗೆ ಅಡಗಿ ಕೂತ ಇನ್ನೊಂದು ಬಣ್ಣ. ಅದನ್ನು ಒಳಬಣ್ಣ ಅನ್ನೋಣ. ಇದು ನಮಗೆ ಹೊಸತೇನಲ್ಲ. ಅಜ್ಜಿಮನೆಯಲ್ಲಿ ಗೋಡೆಗೆ ಚಿಪ್ಪು ಸುಣ್ಣ ಬಳಿಯುತ್ತಿದ್ದುದು ನನಗೆ ಮಸುಕಾಗಿ ನೆನಪಿದೆ. ಹೊಳೆಯಿಂದ ಬಾಚಿದ ಮಳಿಚಿಪ್ಪು ಸುಟ್ಟು ಮಾಡಿದ ಸುಣ್ಣ. ಹಂಡೆಯಲ್ಲಿ ಅದು ಕೊತಕೊತ ಕುದಿದು ತಣಿದ ಮೇಲೆ ಅಜ್ಜಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಗಂಟು ಕಟ್ಟಿ ಅದರಲ್ಲಿ ಅದ್ದುತ್ತಿದ್ದರು. ಬಿಳಿಗೆ ನೀಲಿ ಯಾಕೆ ಎಂದು ಕೇಳಿದ್ದಕ್ಕೆ, ಬಿಳಿ ಇನ್ನೂ ಬಿಳಿಯಾಗಲಿಕ್ಕೆ ಎಂದಿದ್ದರು. ಸುಣ್ಣದ ಸಣ್ಣ ಹಳದಿಯನ್ನು ನೀಲಿ ಹೊಡೆದುಹಾಕುತ್ತದೆ. ಒಂದು ಒಳಬಣ್ಣವನ್ನು ಇನ್ನೊಂದರಿಂದ ಕೊಲ್ಲುವ ಈ ವಿದ್ಯೆ ಗೊತ್ತಿದ್ದ ಅಜ್ಜಿಯ ಮೊಮ್ಮಗ ನಾನು, ಕುಂದಾಪುರದ ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಬೆರಳುಗುರಿನಷ್ಟು ದೊಡ್ಡ ಚೌಕ ನೋಡಿ ಇಡೀ ಮನೆಯ ಬಣ್ಣ ಆರಿಸಿದ್ದೆ.

ಮರುದಿನ ಶಾಸ್ತ್ರಿ ಸರ್ಕಲ್ ಬದಿಯ ಆ ಅಂಗಡಿಗೆ ಮತ್ತೆ ಹೋದೆ. ಈ ಸಲ ಜೇಬಿನಲ್ಲಿ ಒಂದು ಬಿಳಿ ಹಾಳೆ. ಕಾರ್ಡಿನ ಚೌಕವನ್ನು ಅಚ್ಚ ಬಿಳಿ ಹಾಳೆಯ ಮೇಲಿಟ್ಟು ಬಾಗಿಲ ಹೊರಗೆ ಹಗಲ ಬೆಳಕಿನಲ್ಲಿ ಹಿಡಿದರೆ ಒಳಬಣ್ಣ ಅರ್ಧ ಬಾಯಿ ಬಿಡುತ್ತದೆ. ಅದೇ ಪಟ್ಟಿಯ ಕೊನೆಯ, ಅತಿ ಗಾಢವಾದ ಚೌಕ ನೋಡಿದರೆ ಇನ್ನರ್ಧವನ್ನೂ ಹೇಳುತ್ತದೆ. ಮೇಲಿನದು ಬೂದಿಯಂತೆ ಕಂಡರೂ ಕೆಳಗಿನದು ನವಿಲುಗರಿಯಾಗಿರುತ್ತದೆ. ಎರಡು ಬೂದುಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ಗುಟ್ಟು ರಟ್ಟು ಮಾಡುತ್ತದೆ. ಆದರೆ ಇವೆಲ್ಲಕ್ಕಿಂತ ಸುಲಭದ ದಾರಿಯನ್ನು ತೋರಿಸಿದ್ದು ಅಂಗಡಿಯ ಹುಡುಗ. "ಅಣ್ಣ, ಮಿಷಿನ್ ಎಂತ ಹಾಕ್ತ್ ಕಾಣಿ," ಎಂದು ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದ.

ಬಣ್ಣ ಬೆರೆಸುವ ಯಂತ್ರಕ್ಕೆ ನೂರಾರು ಬಣ್ಣ ಗೊತ್ತಿಲ್ಲ. ಬಿಳಿ ಬೇಸ್ ಡಬ್ಬಿ ಒಂದು, ಅದರ ಬಿಳುಪು ಟೈಟಾನಿಯಂ ಡೈಆಕ್ಸೈಡಿನದು. ಮೇಲಿನಿಂದ ಹನಿಯಾಗಿ ಬೀಳಲು ಹತ್ತು ಹದಿನೈದು ಗಾಢ ದ್ರವಗಳು. ಯಾವ ಬಣ್ಣಕ್ಕೆ ಯಾವುದರ ಎಷ್ಟು ಹನಿ ಎಂಬುದು ಪರದೆಯ ಮೇಲೆ ಬರುತ್ತದೆ. ನನ್ನ ಬಣ್ಣದ ಲೆಕ್ಕದಲ್ಲಿ ಇದ್ದದ್ದು ಕಪ್ಪು, ಬಹುಮಟ್ಟಿಗೆ ಕಪ್ಪು ಮಾತ್ರ. ಬಿಳಿ ಮತ್ತು ಕಪ್ಪು ಸೇರಿದರೆ ಅಚ್ಚ ಬೂದು ಎಂದು ನಾವು ಶಾಲೆಯ ಚಿತ್ರಕಲೆಯಲ್ಲಿ ಕಲಿತದ್ದು ಅರ್ಧ ಸುಳ್ಳು. ದೀಪದ ಮಸಿಯಂಥ ಕಪ್ಪನ್ನು ಬಿಳಿಯಲ್ಲಿ ಕರಗಿಸಿದರೆ ಅದು ನೀಲಿಯ ಕಡೆ ವಾಲುತ್ತದೆ. ಏನೂ ಬೆರೆಸದ ಬೂದಿಗೇ ಒಳಬಣ್ಣ ಜಾಸ್ತಿ!

"ಹಾಂಗಾರೆ ಸ್ವಲ್ಪ ಹಳದಿ ಹಾಕು," ಅಂದೆ, ಅಜ್ಜಿಯ ವಿದ್ಯೆಯನ್ನು ತಿರುಗುಮುರುಗು ಮಾಡಿ. ಹಳದಿ ಆಕ್ಸೈಡ್ ಇರುವ ಇನ್ನೊಂದು ಬೂದಿಯ ಚಿಕ್ಕ ಡಬ್ಬಿ ತಂದೆವು. ಮೇಸ್ತ್ರಿ ಡಬ್ಬಿ ತೆರೆದವರೇ ತಲೆ ಅಲ್ಲಾಡಿಸಿದರು. "ಕಪ್ಪಿಗ್ ಹಳದಿ ಹಾಕಿರೆ ಹಸ್ರ್ ಆತ್ತ್, ಕಾಣಿ." ಆಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಪಾಚಿ ಒಣಗಿದ ಕೆರೆಗೋಡೆ. ನಮ್ಮ ಊರಲ್ಲಿ ಹಸಿರನ್ನು ಡಬ್ಬಿಯಲ್ಲಿ ಕೊಂಡು ತರಬೇಕಾಗಿಲ್ಲ. ಜೂನಿನಲ್ಲಿ ಹೊಡೆದ ಮಳೆ ಸೆಪ್ಟೆಂಬರ್ ಹೊತ್ತಿಗೆ ಎಲ್ಲ ಮನೆಗೂ ಪುಕ್ಕಟೆಯಾಗಿ ಹಾಕಿ ಹೋಗಿರುತ್ತದೆ.

ಮೂರನೆಯ ಡಬ್ಬಿಯಲ್ಲಿ ಕಪ್ಪಿನ ಜೊತೆ ಹಳದಿ ಆಕ್ಸೈಡು, ಅದಕ್ಕಿಂತ ಕಡಿಮೆ ಕೆಂಪು ಆಕ್ಸೈಡು. ಹಸಿರಿನ ಕತ್ತು ಹಿಸುಕಲು ಆ ಕೆಂಪು ಬೇಕಿತ್ತು. ಈ ಎರಡೂ ಕಬ್ಬಿಣದ ತುಕ್ಕಿನ ಸಂಬಂಧಿಕರೇ. ನಮ್ಮ ಕೆಂಪುಕಲ್ಲಿನ ಮೈಯಲ್ಲಿರುವ ಕೆಂಪು ಹಳದಿ ಕೂಡ ಅದೇ. ಆ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು 1807ರಲ್ಲಿ ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್, ಅದೂ ಈ ಕರಾವಳಿಯ ಉದ್ದಕ್ಕೂ ಓಡಾಡಿ ಹೋದ ಮೇಲೆ. ಮನೆಯ ಗೋಡೆಯೊಳಗೆ ಇರುವುದು ಆ ಕಲ್ಲೇ. ಗಾರೆಯ ಹೊರಗೆ ಅದರ ಒಂದೆರಡು ಹನಿ ಬಂದರೆ ತಪ್ಪೇನು ಅನ್ನಿಸಿತು.

ಮೂರನೆಯದು ಸರಿಯಾಗಿತ್ತು. ಮುಂಗೋಡೆಯ ಮೇಲೆ ಮಾತ್ರ.

ಯಾಕೆಂದರೆ ಮನೆಗೆ ನಾಲ್ಕು ಗೋಡೆ. ಅದೇ ಡಬ್ಬಿಯ ಬಣ್ಣವನ್ನು ನಾಲ್ಕೂ ಕಡೆ ಹೊಡೆಸಿ, ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ ಐದೂವರೆಗೆ ಮನೆಗೆ ಪ್ರದಕ್ಷಿಣೆ ಬಂದೆ, ಮೂರು ದಿನ. ತೆಂಕು ಬದಿಯ ಗೋಡೆಗೆ ಹಲಸಿನ ಮರದ ನೆರಳು. ಎಲೆಗಳ ಮೂಲಕ ಸೋಸಿ ಬಂದ ಬೆಳಕಿನಲ್ಲಿ ಬೂದಿಗೆ ಹಸಿರು ಬಂದಿತ್ತು. ಬಡಗು ಬದಿಗೆ ನೆರೆಯವರ ಕೆಂಪುಕಲ್ಲಿನ ಪಾಗಾರ. ಎರಡನ್ನೂ ಒಟ್ಟಿಗೆ ನೋಡಿದರೆ ನಮ್ಮ ಗೋಡೆ ತುಸು ನೀಲಿ. ಹತ್ತಿರ ಹೋಗಿ ಪಾಗಾರ ಕಣ್ಣಿಗೆ ಬೀಳದ ಹಾಗೆ ನೋಡಿದರೆ ಗೋಡೆಯ ಬುಡದಲ್ಲಿ ಕೆಂಪು. ಒಂದು, ಕಣ್ಣು ಪಕ್ಕದ ಬಣ್ಣಕ್ಕೆ ಎದುರು ಹೂಡುವ ಆಟ. ಇನ್ನೊಂದು, ನೆಲದಿಂದಲೂ ಕಲ್ಲಿನಿಂದಲೂ ನಿಜವಾಗಿ ಹಾರಿ ಬಂದು ಕೂತ ಬೆಳಕು. ಎರಡೂ ಏಕಕಾಲಕ್ಕೆ ನಡೆಯುತ್ತಿರುತ್ತವೆ ಎಂಬುದು ನನಗೆ ಆ ಮೂರು ದಿನ ತಲೆ ಕೆಡಿಸಿದ ಸಂಗತಿ. ಪಡು ಗೋಡೆ ಸಮುದ್ರದ ಕಡೆಯದು. ಹಗಲಿಡೀ ಸಪ್ಪೆ, ಸಂಜೆ ಮಾತ್ರ ಅರ್ಧ ಗಂಟೆ ತಾಮ್ರದ ಪಾತ್ರೆ.

ಪಕ್ಕದ ಮನೆಯ ಹಿರಿಯರು ನನ್ನ ಪ್ರದಕ್ಷಿಣೆಯನ್ನು ಪಾಗಾರದ ಆಚೆಯಿಂದ ಗಮನಿಸುತ್ತಿದ್ದರು. ಅವರು ಬಯಲಾಟದ ಮೇಳದಲ್ಲಿ ವೇಷ ಮಾಡಿದವರು. "ಚೌಕಿಯಂಗ್ ಕಂಡ ಬಣ್ಣ ರಂಗಸ್ಥಳದಂಗ್ ಇರೂದಿಲ್ಲ ಮಾಣಿ," ಅಂದರು. ಅರದಾಳ, ಇಂಗಳೀಕ, ಸಫೇದ ಕಲಸಿ ಮುಖಕ್ಕೆ ಹಚ್ಚುವಾಗ ಕನ್ನಡಿಯಲ್ಲಿ ಚೆಂದ ಕಂಡರೆ ಸಾಲದು, ಗ್ಯಾಸ್‌ಲೈಟಿನ ಎದುರು, ಕೊನೆಯ ಸಾಲಿನಲ್ಲಿ ಕೂತವನಿಗೆ ಹೇಗೆ ಕಾಣುತ್ತದೆ ಎಂದು ಲೆಕ್ಕ ಹಾಕಬೇಕಂತೆ. ಟ್ಯೂಬ್‌ಲೈಟು ಬಂದ ಮೇಲೆ ಕೆಂಪನ್ನು ಬೇರೆಯೇ ಅಳತೆಯಲ್ಲಿ ಹಾಕಬೇಕಾಯಿತು ಎಂದರು. "ನೀನ್ ಗ್ವಾಡೆ ಮುಟ್ಟಿಕಂಡ್ ಎಂತ ಕಾಂತೆ? ರಸ್ತೆಗ್ ಹೋಯಿ ನಿಂತ್ಕಣ್." ಹೋಗಿ ನಿಂತೆ. ದೂರದಿಂದ, ಬಿಸಿಲಿನಲ್ಲಿ, ಬಣ್ಣ ಕಾರ್ಡಿನಲ್ಲಿದ್ದುದಕ್ಕಿಂತ ಬಹಳ ತೆಳುವಾಗಿ ಕಾಣುತ್ತಿತ್ತು. ಹೊರಗೋಡೆಗೆ ಒಂದು ಹಂತ ಗಾಢವಾದದ್ದನ್ನೇ ಆರಿಸಬೇಕು ಎಂದು ಅಂಗಡಿಯವರೂ ಹೇಳಿದ್ದರು, ನಂಬಿರಲಿಲ್ಲ. ರಾತ್ರಿ ಬೀದಿಯ ಎಲ್‌ಇಡಿ ದೀಪದಡಿ ಅದು ಮತ್ತೆ ನೀಲಿ. ಆ ಬೆಳಕಿಗೆ ಏನೂ ಮಾಡುವಂತಿಲ್ಲ ಎಂದು ಬಿಟ್ಟೆ.

ಆ ಭಾನುವಾರ ಬ್ರಹ್ಮಾವರಕ್ಕೆ, ಅಕ್ಕನ ಮನೆಗೆ ಹೋದೆ. ಅಕ್ಕ ಭಾವ ಮನೆ ಕಟ್ಟಿಸಿ ಎಂಟು ವರ್ಷವಾಯಿತು. ಅದಕ್ಕೆ ಮಾವಿನಹಣ್ಣಿನ ಬಣ್ಣ. ಬ್ರಹ್ಮಾವರದ ಆ ಬೀದಿಯಲ್ಲಿ ಬಿಸಿಲಿಗೆ ಕಣ್ಣು ಚುಚ್ಚುವಂಥದ್ದು. ಮಾತಿನ ನಡುವೆ, ನೀವೂ ಮುಂದಿನ ಸಲ ಬೂದು ಹೊಡೆಸಿ, ಬೇಕಾದರೆ ಹನಿಗಳ ಲೆಕ್ಕ ನಾನು ಕೊಡುತ್ತೇನೆ ಎಂದೆ. ಅಕ್ಕ ಬಂಗುಡೆ ಸಾರಿನ ಸೌಟು ಹಿಡಿದುಕೊಂಡೇ ನಿಂತಳು.

"ಅಮ್ಮ ಒಪ್ಪಿದ್ರಾ?"

"ಬೂದಿ ಅಂದ್ರು. ನಗಾಡಿದ್ರು."

"ಅಮ್ಮ ನಗಾಡ್ಲ," ಅಂದಳು ಅಕ್ಕ.

ನಮ್ಮ ಮನೆ ಕಟ್ಟಿದ್ದು 1994ರಲ್ಲಿ. ಅಪ್ಪಯ್ಯ ಮುಂಬೈಯ ಕ್ಯಾಂಟೀನಿನಲ್ಲಿ ದುಡಿದ ದುಡ್ಡು, ಸೊಸೈಟಿಯ ಸಾಲ, ಅಮ್ಮನ ಎರಡು ಬಳೆ ಎಲ್ಲ ಸೇರಿ ಹಂಚಿನ ಮಾಡು ಕೂರಿಸಿ ಗೋಡೆಗೆ ಗಾರೆ ಮಾಡುವಷ್ಟರಲ್ಲಿ ಮುಗಿಯಿತು. ಮುಂದಿನ ವರ್ಷ ಬಣ್ಣ ಎಂದುಕೊಂಡರಂತೆ. ಮುಂದಿನ ವರ್ಷ ಹನ್ನೊಂದು ವರ್ಷವಾಯಿತು. ಆಗ ನನಗೆ ನಾಲ್ಕು ವರ್ಷ. ಬಣ್ಣ ಹೊಡೆಸುವಾಗ ಹದಿನೈದು. ನನ್ನ ಇಡೀ ಬಾಲ್ಯ ಆ ಗಾರೆಗೋಡೆಗೆ ಚೆಂಡು ಹೊಡೆಯುತ್ತ ಕಳೆದದ್ದು. ಊರವರು ದಾರಿ ಹೇಳುವಾಗ "ಆ ಸಿಮೆಂಟ್ ಮನಿ" ಅನ್ನುತ್ತಿದ್ದುದು ನನಗೆ ಒಂದು ವಿಳಾಸವಾಗಿ ಮಾತ್ರ ಕೇಳಿಸಿತ್ತು.

2003ರಲ್ಲಿ ಅಕ್ಕನನ್ನು ನೋಡಲು ಒಂದು ಕಡೆಯವರು ಬಂದಿದ್ದು ನನಗೆ ನೆನಪಿದೆ. ಗೋಳಿಬಜೆ ಮಾಡಿದ್ದರು ಎಂಬುದಕ್ಕಾಗಿ ನೆನಪಿದೆ. ಅಕ್ಕನಿಗೆ ನೆನಪಿದ್ದದ್ದು ಬೇರೆ. "ಅವ್ರ್ ನನ್ನ ಮುಖ ಕಾಣ್ಲ. ಗ್ವಾಡೆ ಕಾಂತಾ ಇದ್ರ್. ಜೋರ್ ಮಳೆಗಾಲ. ಗ್ವಾಡೆ ಸೊಂಟದ್ವರೆಗೆ ಕಪ್ಪಾಯಿ ಇತ್ತ್." ಹೊರಡುವಾಗ ಹುಡುಗನ ಅತ್ತೆಯೊಬ್ಬರು ಜಗುಲಿಯ ಗೋಡೆಯನ್ನು ಬೆರಳಿನಿಂದ ಮುಟ್ಟಿ, ಒದ್ದೆಯಾದ ಬೆರಳನ್ನು ಸೆರಗಿಗೆ ಒರೆಸಿಕೊಂಡರಂತೆ. ಏನೂ ಹೇಳಲಿಲ್ಲವಂತೆ. ಆಮೇಲೂ ಏನೂ ಹೇಳಿ ಕಳಿಸಲಿಲ್ಲ. ಆ ರಾತ್ರಿ ಅಮ್ಮ ಒಂದು ಹಳೇ ಸೀರೆ ತಂದು ಜಗುಲಿಯ ಗೋಡೆಯನ್ನು ಒರೆಸುತ್ತ ಕೂತಿದ್ದರಂತೆ, ಮಳೆನೀರು ಕುಡಿದ ಗೋಡೆ ಒರೆಸಿದರೆ ಒಣಗುತ್ತದೆ ಎಂಬಂತೆ.

ಎರಡು ವರ್ಷದ ನಂತರ ಭಾವನ ಕಡೆಯವರು ನೋಡಿ ಹೋಗಿ ಒಪ್ಪಿಗೆ ಹೇಳಿ ಕಳಿಸಿದ ಮೇಲೆ ಅಪ್ಪಯ್ಯ ಮೊದಲು ಮಾಡಿದ ಕೆಲಸ, ಹೊಸ ಸಾಲ ತೆಗೆದು ಮನೆಗೆ ಹಳದಿ ಹೊಡೆಸಿದ್ದು. ದಿಬ್ಬಣ ಬರುವ ಮುಂಚೆ ಬಣ್ಣ ಒಣಗಿತ್ತೋ ಇಲ್ಲವೋ ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ತಿಂಗಳಿನಿಂದ ಬೂದಿಯೊಳಗೆ ನೀಲಿ ಇದೆಯೇ ಹಸಿರು ಇದೆಯೇ ಎಂದು ಗೋಡೆ ಗೋಡೆ ಸುತ್ತಿದ್ದೆ. ಅಮ್ಮ ಮೊದಲ ದಿನವೇ, ಕೊಡಪಾನ ಹೊತ್ತುಕೊಂಡೇ, ತಮಗೆ ಕಂಡದ್ದನ್ನು ಹೇಳಿ ಹೋಗಿದ್ದರು.

ಮನೆಗೆ ಬಂದು, ಬೂದು ಬೇಡ, ಹಳದಿಯನ್ನೇ ಹೊಡೆಸುವ ಎಂದೆ. ಅಮ್ಮನಿಗೆ ಸಿಟ್ಟು ಬಂತು. ಇಷ್ಟು ಡಬ್ಬಿ ತಂದು, ಇಷ್ಟು ದಿನ ಮೇಸ್ತ್ರಿಗೆ ಕೂಲಿ ಕೊಟ್ಟು, ಈಗ ಬೇಡ ಅಂದರೆ? ಅಕ್ಕ ಏನು ಹೇಳಿದಳು ಎಂದು ಕೇಳಿದರು. ಏನಿಲ್ಲ ಎಂದೆ. ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ. ಆ ವಿಷಯ ನಾವಿಬ್ಬರೂ ಮಾತಾಡಲಿಲ್ಲ.

ಮಾರನೆ ದಿನ ಬೆಳಿಗ್ಗೆ ಮೇಸ್ತ್ರಿ ಬಂದಾಗ ಅಮ್ಮ ತಾವೇ ಅಂಗಳಕ್ಕಿಳಿದು, ಪಡು ಗೋಡೆಯ ಚೌಕದ ಎದುರು ನಿಂತರು. "ಇದಕ್ಕ್ ಮಳೆ ಹೊಡದ್ರೆ ಎಂತ ಆತ್ತ್?" ಮೇಸ್ತ್ರಿ ಬಾಯಿಮಾತಿನಲ್ಲಿ ಹೇಳಲು ಹೋಗಲಿಲ್ಲ. ಬಾವಿಯಿಂದ ಒಂದು ಬಾಲ್ದಿ ನೀರು ತಂದು ಚೌಕದ ಮೇಲೆ ರಪ್ಪನೆ ಎರಚಿದರು. ಹೊಡೆದು ವಾರ ಕಳೆದಿತ್ತು, ಒಣಗಿತ್ತು. ನೀರು ಗೋಡೆಯ ಮೇಲೆ ಜಾರಿ ಕೆಳಗಿಳಿಯಿತು. ಮಾಡಿನಡಿಯ ಮೂಲೆಯಲ್ಲಿ, ಹಳೆಯ ಪದರ ಕಿತ್ತು ಬರಿ ಗಾರೆ ಕಾಣುತ್ತಿದ್ದ ಜಾಗಕ್ಕೂ ಸ್ವಲ್ಪ ಹಾರಿತ್ತು. ಅದು ಅಲ್ಲೇ ನೀರು ಕುಡಿದು ಕಪ್ಪಾಯಿತು. ಚೌಕ ಹೆಚ್ಚೇನೂ ಬದಲಾಗಲಿಲ್ಲ. ಅಮ್ಮ ಅಂಗೈಯನ್ನು ಪೂರ್ತಿ ಗೋಡೆಗೆ ಒತ್ತಿ, ತೆಗೆದು, ನೋಡಿಕೊಂಡರು.

"ಒಳ್ಗ್ ನೀರ್ ಎಳೂದಿಲ್ಲ ಅಲ್ದಾ?"

"ಇಲ್ಲ ಅಮ್ಮ. ಬಿರುಕೆಲ್ಲ ಪುಟ್ಟಿ ಹಾಕಿಯೇ ಹೊಡುದ್."

"ಹಾಂಗಾರೆ ಮೂರ್ ಬದಿ ಹೊಡೀನಿ. ಜಗುಲಿ ಗ್ವಾಡಿಗ್ ಬೇಡ. ಅದ್ ಹಳದಿಯೇ ಇರ್ಲಿ." ಸ್ವಲ್ಪ ತಡೆದು, ನನ್ನ ಕಡೆ ತಿರುಗಿ, "ನಿನ್ನ ಅಪ್ಪಯ್ಯ ಹೊಡ್ಸಿದ್ ಹಳದಿ," ಅಂದರು.

ಹಾಗೆಯೇ ಮಾಡಿದೆವು. ತೆಂಕು, ಬಡಗು, ಪಡು ಬದಿಗೆ, ಮುಂಗೋಡೆಯ ಎರಡು ತುದಿಗೆ ಮೂರನೆಯ ಡಬ್ಬಿಯ ಬೂದು, ಒಂದು ಹಂತ ಗಾಢವಾಗಿ. ತೆಂಕು ಬದಿಗೆ ಕೆಂಪು ಒಂದೆರಡು ಹನಿ ಹೆಚ್ಚು ಹಾಕಿಸಬೇಕೆಂಬ ಆಸೆಯಿತ್ತು. ಮೇಸ್ತ್ರಿ ಕೈಮುಗಿದರು. ಬದಲಿಗೆ ಹಲಸಿನ ಎರಡು ಗೆಲ್ಲು ಕಡಿಸಿದೆ. ಜಗುಲಿಗೆ ಹಳದಿ, 2005ರ ಅದೇ ಸಂಖ್ಯೆಯ ಡಬ್ಬಿ ಸಿಗಲಿಲ್ಲ. ಕಿಟಕಿಯ ಹಿಂದಿನ ಕಪಾಟಿನ ಮರೆಯಲ್ಲಿ ಬಿಸಿಲು ಕಾಣದೆ ಉಳಿದಿದ್ದ ಹಳೆಯ ಬಣ್ಣವನ್ನು ಒಂದು ಹಕ್ಕಳೆಯಷ್ಟು ಕೆರೆದು ತೆಗೆದು, ಅಂಗಡಿಗೆ ಒಯ್ದು, ಹೊಂದಿಸಿ ತಂದೆ.

ಫಲ ನಿಮಗೆ ಗೊತ್ತೇ ಇದೆ. ಹಳದಿ ಜಗುಲಿಯ ಎರಡೂ ಮಗ್ಗುಲಲ್ಲಿ ಕೂತ ಬೂದು, ಮೂರು ಡಬ್ಬಿ, ಒಂದು ತಿಂಗಳು, ಹನಿಹನಿ ಕೆಂಪಿನ ಲೆಕ್ಕಾಚಾರದ ನಂತರವೂ, ರಸ್ತೆಯಿಂದ ನೋಡಿದರೆ ತುಸು ನೇರಳೆ. ಪಕ್ಕದ ಮನೆಯ ಹಿರಿಯರು ಕೂಡ ಗಮನಿಸಿದ್ದಾರೆ, ಹೇಳಲಿಲ್ಲ. ಬೇಕಿದ್ದರೆ ಎರಡು ಬಣ್ಣದ ನಡುವೆ ಅರ್ಧ ಅಡಿ ಬಿಳಿ ಪಟ್ಟಿ ಹೊಡೆದು ಕಡಿಮೆ ಮಾಡಬಹುದು. ನಾನು ಹೊಡೆಸಲಿಲ್ಲ.

ಬೆಂಗಳೂರಿಗೆ ಹೊರಡುವ ದಿನ ಕೊರಿಯರಿನ ಹುಡುಗನೊಬ್ಬ ದಾರಿ ತಪ್ಪಿ ಫೋನ್ ಮಾಡಿದ್ದ. ಅಮ್ಮ ಫೋನನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿದು, ಊರಿಗೆಲ್ಲ ಕೇಳುವಂತೆ ದಾರಿ ಹೇಳುತ್ತಿದ್ದರು. ಹೆದ್ದಾರಿ ಇಳಿದು, ಅಶ್ವತ್ಥಕಟ್ಟೆ ದಾಟಿ, ಬಲಕ್ಕೆ. ಅವನು ಆ ಕಡೆಯಿಂದ ಬೂದು ಬಣ್ಣದ ಮನೆಯಾ ಎಂದು ಕೇಳಿರಬೇಕು.

"ಜಗುಲಿ ಹಳದಿ ಮಗಾ," ಅಂದರು ಅಮ್ಮ. "ಜಗುಲಿ ಕಂಡ್ ಬಾ."